ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ

ಕುಮಟೆಯ ತಾಲೂಕು ಕಚೇರಿ ಎದುರಿನ
ಬಾದಾಮಿ ಮರದ ಬುಡಕ್ಕೆ ನನ್ನ ಮೇಜು.
ಒಂದು ಕಾಲಿನಡಿ ಹಂಚಿನ ಚೂರು ಕೊಟ್ಟಿದ್ದೇನೆ;
ಇಲ್ಲದಿದ್ದರೆ ಎಲ್ಲರ ಅಹವಾಲೂ
ಸಮುದ್ರದ ಕಡೆಗೇ ವಾಲುತ್ತದೆ.

ಮೊನ್ನೆ ಕಾಲೇಜಿನ ಮೂವರು ಬಂದು
ಊರಿನ ಚರಿತ್ರೆ ಹೇಳಿ ಮಾರಾಯ್ರೆ ಅಂದರು.
ಮೂವತ್ತೊಂದು ವರ್ಷದಿಂದ ನನಗೆ ಬರುವುದು ಒಂದೇ ಧಾಟಿ:
ಇವರಿಗೆ. ಇವರಿಂದ. ಮಾನ್ಯರೇ. ವಿಷಯ.

ವಿಷಯ: ಹತ್ತಿ.
ದೇವಿಮನೆ ಘಟ್ಟ ಇಳಿಯುವ ಗಾಡಿಗಳಿಂದ ಹಾರಿ
ಬೇಲಿ ಮುಳ್ಳಿಗೆಲ್ಲ ಸಿಕ್ಕಿಕೊಂಡು
ಪ್ರತಿ ಬೇಸಗೆ ಊರಿಗೆ ನರೆ ಬರುತ್ತಿತ್ತಂತೆ.
ಅಜ್ಜನ ಅಜ್ಜ ಹೇಳಿದ್ದು. ಸಾಕ್ಷಿ ಇಲ್ಲ.
ನಮ್ಮೂರ ಹೆಸರು ಹತ್ತಿಯ ಜೊತೆ ಹಡಗು ಹತ್ತಿ ಹೋಯಿತು,
ಊರು ದಕ್ಕೆಯಲ್ಲೇ ಉಳಿಯಿತು.
ಬಂದರಿನ ದಾರಿಯ ಗೋದಾಮಿನಲ್ಲಿ ಈಗ
ಮದುವೆಗೆ ಪ್ಲಾಸ್ಟಿಕ್ ಕುರ್ಚಿ ಬಾಡಿಗೆಗೆ ಸಿಗುತ್ತದೆ,
ನೂರು ಕೇಳಿದರೆ ತೊಂಬತ್ತೈದು.

ವಿಷಯ: ರೈಲು, ನೂರು ವರ್ಷ ತಡವಾಗಿ.
ಬೀರ ಗುನಗನ ನಾಲ್ಕು ಗುಂಟೆ ಹೋಯಿತು.
ಪರಿಹಾರ ಸಾಲದೆಂದು ಅವನಿಗೆ ಹದಿನಾರು ಸಲ ಬರೆದೆ,
ಹದಿನೇಳನೆಯದು ಅವನ ಮಗಳಿಗೆ.
ಆ ಗಾಡಿಯನ್ನು ಅವನು ಹತ್ತಲೇ ಇಲ್ಲ.
ಅದು ಹಾದುಹೋಗುವಾಗ ಗಡಿಯಾರ ನೋಡಿ
‘ಇವತ್ತೂ ಲೇಟು’ ಎಂದು
ಜಾಗದ ಒಡೆಯನ ಹಾಗೆ ಗದರುತ್ತಿದ್ದ.

ವಿಷಯ: ಗಜನಿಗೆ ನುಗ್ಗಿದ ಉಪ್ಪುನೀರು.
ಮಾಣಿಕಟ್ಟೆಯಿಂದ ಏಳು ಜನ ಒಂದೇ ರಿಕ್ಷಾದಲ್ಲಿ ಬಂದರು,
ಕಗ್ಗ ಬಿತ್ತುವವರು. ಮಧ್ಯಾಹ್ನಕ್ಕೆ ಸಿಗಡಿಯವರು ಬಂದು
ಅದೇ ಬೆಂಚಿನಲ್ಲಿ ಸರಿದು ಕೂತರು.
ಇಬ್ಬರಿಗೂ ನಾನೇ ಬರೆದೆ.
ಕಟ್ಟು ಒಡೆದದ್ದು ಒಂದು ಅರ್ಜಿಯಲ್ಲಿ ಗುದ್ದಲಿ,
ಇನ್ನೊಂದರಲ್ಲಿ ಹುಣ್ಣಿಮೆ.

ತಹಶೀಲ್ದಾರರು ಬರುತ್ತಾರೆ,
ಬಂಗಡೆಯ ಮುಳ್ಳು ಬಿಡಿಸಲು ಕಲಿಯುವಷ್ಟರಲ್ಲಿ ವರ್ಗ.
ವಕೀಲರು ಕೋಟು ಕಳಚಿ ಈರುಳ್ಳಿ ಗೊಂಚಲು ತೂಗಿ ನೋಡುತ್ತಾರೆ.
ಖಜಾನೆಯ ಪಹರೆಯವನಿಗೆ ಮೂರು ಗಂಟೆಗೆ ತೂಕಡಿಕೆ.
ಇದೆಲ್ಲ ಚರಿತ್ರೆಯೋ ಅಲ್ಲವೋ,
ಯಾರೂ ಸ್ಟಾಂಪು ಹಚ್ಚಿ ಕೊಟ್ಟಿಲ್ಲ.

ಹೋದ ಸೋಮವಾರ ಹೊನ್ನಿ ಗೌಡ ಬಂದಳು.
ಕೊರಳ ತುಂಬ ಕರಿಮಣಿ, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಪಹಣಿ.
ಯಾವನೋ ಕಾರಕೂನ, ಯಾವುದೋ ಸೆಖೆಯ ಮಧ್ಯಾಹ್ನ,
ಒಂದು ಗುಡಿಸು ಹಾಕುವುದು ಮರೆತಿದ್ದ.
ಹೊನ್ನಿ ಹೊನ್ನನಾದಳು.
ಗಂಡಸಾದ ಮೇಲೆ ‘ಕೋಂ’ ಹೇಗೆ ಎಂದು
ಮುಂದಿನವನು ಅದನ್ನು ‘ಬಿನ್’ ಮಾಡಿದ.
ಹೀಗೆ ಬೊಮ್ಮು ಗೌಡ ತನ್ನ ಹೆಂಡತಿಗೆ
ಕಾಗದದ ಮೇಲೆ ಅಪ್ಪ.

‘ನಲವತ್ತು ವರ್ಷ ಗಂಡಸಾಗಿ ತೀರ್ವೆ ಕಟ್ಟಿದೆ ತಮಾ,
ಆ ಕಚೇರಿಲಿ ಒಬ್ಬನೂ ಕುರ್ಚಿ ಕೊಡಲಿಲ್ಲ.’

ಬರೆದೆ. ಓದಿ ಹೇಳಿದೆ.
ಎಡಗೈ ಹೆಬ್ಬೆಟ್ಟು ಶಾಯಿಗೆ ಅದ್ದುವ ಮುಂಚೆ
ಅವಳು ಸ್ವಲ್ಪ ತಡೆದಳು.
‘ನಾ ವಾಪಸ್ ಬಂದ್ರೆ
ಆ ಹೊನ್ನ ಅನ್ನುವಂವ ಎಲ್ಲಿಗೆ ಹೋಗ್ಬೇಕು?
ಗದ್ದೆ ಕಾದದ್ದು ಅಂವನೇ ಅಲ್ವನಾ?’

ಅದಕ್ಕೆ ನನ್ನ ಹತ್ತಿರ ನಮೂನೆ ಇರಲಿಲ್ಲ.

ಒತ್ತಿದಳು. ಇಪ್ಪತ್ತು ರೂಪಾಯಿ ಎಣಿಸಿ ಇಟ್ಟಳು,
ಬೇಡವೆಂದರೆ ಬೈದಳು.
ಬೆರಳನ್ನು ಎಲ್ಲರ ಹಾಗೆ ಮೇಜಿನ ಅಡಿಗೆ ಒರೆಸಿ
ಸಂಜೆಯ ಬಸ್ಸಿಗೆ ಹೊರಟಳು.

ಕಾಲೇಜಿನ ಮಕ್ಕಳು ಮತ್ತೆ ಬಂದರೆ
ಹೇಳಬೇಕೆಂದಿದ್ದೇನೆ: ನನ್ನ ಬಾಯಿ ಬಿಡಿ,
ಈ ಮೇಜನ್ನು ಒಮ್ಮೆ ಮಗುಚಿ ನೋಡಿ.
ಮೂವತ್ತೊಂದು ವರ್ಷದ ಹೆಬ್ಬೆಟ್ಟು ಅಡಿಯಲ್ಲಿವೆ,
ಒಂದರ ಮೇಲೊಂದು, ಯಾರದು ಯಾವುದೋ.

ಮಗುಚುವಾಗ ಮಾತ್ರ ಆ ಹಂಚಿನ ಚೂರು ಜೋಪಾನ.
ಅಷ್ಟೇ ದಪ್ಪದ್ದು ಮತ್ತೆ ಸಿಗಲಿಕ್ಕಿಲ್ಲ.